24 ಇಂಚಿನ ಗಿಟಾರ್‌ನಲ್ಲಿ ಶ್ರುತಿ ನಿಲ್ಲುತ್ತಿಲ್ಲ: ದೋಷ ತಂತಿಯದೋ, ಬ್ರಿಡ್ಜಿನದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಆಸೆಪಟ್ಟಿದ್ದ ಶಾರ್ಟ್ ಸ್ಕೇಲ್ ಎಲೆಕ್ಟ್ರಿಕ್ ಗಿಟಾರ್ ಕೊನೆಗೂ ಕೈಸೇರಿದೆ. ಫೆಂಡರ್ ಕಂಪನಿಯ ಮಸ್ಟ್ಯಾಂಗ್ ವಿನ್ಯಾಸದ್ದು, ಸ್ಕೇಲ್ ಉದ್ದ (ತಂತಿಯ ಕಂಪಿಸುವ ಭಾಗದ ಉದ್ದ) 24 ಇಂಚು, ತಂತಿಗಳನ್ನು ಹೊರುವ ಬ್ರಿಡ್ಜ್ ತೇಲುವ ಬಗೆಯದು, ಶ್ರುತಿಯನ್ನು ಅಲುಗಿಸುವ ವೈಬ್ರೇಟೊ ಕೈ ಇದೆ, ಎರಡು ಪಿಕಪ್‌ಗಳಿಗೆ ಎರಡು ಪ್ರತ್ಯೇಕ ಸ್ವಿಚ್‌ಗಳಿವೆ. ನನ್ನ ಕೈ ಚಿಕ್ಕದು. ಇದುವರೆಗೆ ನುಡಿಸುತ್ತಿದ್ದ 25.5 ಇಂಚಿನ ಗಿಟಾರ್‌ನಲ್ಲಿ ಮೊದಲ ಫ್ರೆಟ್‌ನಲ್ಲಿ (ನೆಕ್‌ನ ಮೇಲಿನ ಅಡ್ಡ ಲೋಹಪಟ್ಟಿ) ತೋರುಬೆರಳಿಟ್ಟು ನಾಲ್ಕನೆಯ ಫ್ರೆಟ್‌ಗೆ ಕಿರುಬೆರಳು ಚಾಚಿದರೆ, ಅದು ತಂತಿಯ ಮೇಲೆ ನೆಟ್ಟಗೆ ಕೂರದೆ ವಾಲಿ, ಪಕ್ಕದ ತಂತಿಯ ನಾದವನ್ನೂ ಅಡಗಿಸಿಬಿಡುತ್ತಿತ್ತು. ಹೊಸ ಗಿಟಾರ್‌ನಲ್ಲಿ ಅದೇ ಹಿಡಿತ ಮಣಿಕಟ್ಟು ತಿರುಚದೆ ಬರುತ್ತದೆ. ತೊಡೆಯ ಮೇಲಿಟ್ಟುಕೊಂಡರೆ ಮೊದಲ ಫ್ರೆಟ್ ಎಟುಕುವಷ್ಟು ಹತ್ತಿರದಲ್ಲೇ ಇರುತ್ತದೆ. ಈ ಸಂತೋಷವನ್ನು ಇಲ್ಲಿ ಹೇಳಿಕೊಳ್ಳದೆ ನೇರವಾಗಿ ದೂರಿಗೆ ಇಳಿಯಲು ಮನಸ್ಸಾಗಲಿಲ್ಲ.

ಈಗ ಸಮಸ್ಯೆಗೆ ಬರುತ್ತೇನೆ. ಬಿಡಿ ತಂತಿಗಳನ್ನು ಟ್ಯೂನರ್‌ನಲ್ಲಿ ಸರಿಯಾಗಿ ಕೂಡಿಸಿದರೂ, ಮೊದಲ ಫ್ರೆಟ್‌ನಲ್ಲಿ ಎಫ್ ಕಾರ್ಡ್ ಹಿಡಿದರೆ ಶ್ರುತಿ ಏರಿ ಕೇಳಿಸುತ್ತದೆ. ಮೂರನೆಯ ತಂತಿಯಲ್ಲಿ ಇದು ಎದ್ದು ಕಾಣುತ್ತದೆ. ಆರನೆಯ ತಂತಿಯನ್ನು ಸ್ವಲ್ಪ ಬಿರುಸಾಗಿ ಮೀಟಿದರೆ ಸ್ವರ ಮೊದಲು ಮೇಲಕ್ಕೆ ಹೋಗಿ ಆಮೇಲೆ ತನ್ನ ಸ್ಥಾನಕ್ಕೆ ಇಳಿಯುತ್ತದೆ, ಜೊತೆಗೆ ಫ್ರೆಟ್‌ಗಳಿಗೆ ತಾಗಿ ಕರಕರ ಸದ್ದು ಬರುತ್ತದೆ. ಒಮ್ಮೊಮ್ಮೆ ಅದೇ ತಂತಿ ಸ್ಯಾಡಲ್‌ನ (ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡು) ಗೀರಿನಿಂದ ಹೊರಕ್ಕೆ ಜಾರುತ್ತದೆ. ವೈಬ್ರೇಟೊ ಬಳಸಿದ ಮೇಲೆ ಶ್ರುತಿ ಹಿಂದಿರುಗುವುದಿಲ್ಲ. ಇವಲ್ಲದೆ, ಎರಡೂ ಪಿಕಪ್‌ಗಳನ್ನು ಒಟ್ಟಿಗೆ ಚಾಲೂ ಮಾಡಿದರೆ ನಾದ ತೆಳ್ಳಗಾಗಿ ಮೂಗಿನಲ್ಲಿ ಹಾಡಿದಂತಾಗುತ್ತದೆ. ಗಿಟಾರ್ ಬರುವಾಗಲೇ 9ರ ಸೆಟ್ (ಮೊದಲನೆಯ ತಂತಿಯ ದಪ್ಪ 0.009 ಇಂಚು) ಹಾಕಿತ್ತು. ಹಳೆಯ ಗಿಟಾರ್‌ನಲ್ಲಿ ನಾನು ಬಳಸುತ್ತಿದ್ದುದು 10ರ ಸೆಟ್. ಇಷ್ಟು ಉದ್ದದ ಗಿಟಾರ್ ಮಕ್ಕಳ ಕಲಿಕೆಗೆ ಮಾತ್ರ ಲಾಯಕ್ಕು, ಅದು ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ ಎಂದು ಪರಿಚಿತರೊಬ್ಬರು ಹೇಳಿದರು. ಇದನ್ನು ಹಿಂದಿರುಗಿಸಬೇಕೇ, ಅಥವಾ ಸರಿಪಡಿಸಲು ಸಾಧ್ಯವೇ?

ಉತ್ತರ

ಮೊದಲಿಗೆ ಅಭಿನಂದನೆಗಳು. ಹಿಂದಿರುಗಿಸುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ಇತಿಹಾಸವಿದೆ: ಫೆಂಡರ್ ಕಂಪನಿ 1956ರಲ್ಲಿ ತಂದ ಮ್ಯೂಸಿಕ್‌ಮಾಸ್ಟರ್ ಮತ್ತು ಡ್ಯುಯೊ-ಸಾನಿಕ್ ಗಿಟಾರ್‌ಗಳು 22.5 ಇಂಚಿನವು, ವಿದ್ಯಾರ್ಥಿಗಳಿಗೆಂದೇ ಮಾಡಿದವು. 1964ರ ಮಸ್ಟ್ಯಾಂಗ್ ಕೂಡ ಅದೇ ಸಾಲಿನದು. ಆದರೆ ಅದೇ ಕಂಪನಿ 1962ರಲ್ಲಿ ತಂದ ಜಾಗ್ವಾರ್ ಅವರ ದುಬಾರಿ ಗಿಟಾರ್‌ಗಳಲ್ಲಿ ಒಂದಾಗಿತ್ತು, ಅದರ ಸ್ಕೇಲ್ ಕೂಡ 24 ಇಂಚೇ. ಉದ್ದ ಕಡಿಮೆಯಾದ ಮಾತ್ರಕ್ಕೆ ಶ್ರುತಿ ಕೆಡುವುದಾದರೆ ಇವು ಇಷ್ಟು ಕಾಲ ವೇದಿಕೆಯ ಮೇಲೆ ಉಳಿಯುತ್ತಿರಲಿಲ್ಲ.

ನೀವು ಹೇಳಿದ ಮೊದಲ ಮೂರು ತೊಂದರೆಗಳಿಗೂ ಬಹುಮಟ್ಟಿಗೆ ಕಾರಣ ಒಂದೇ: ಈ ಉದ್ದಕ್ಕೆ ನಿಮ್ಮ ತಂತಿಗಳು ತೀರ ತೆಳುವಾದವು. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಕೂಡಿಸಿದಾಗ ಅದರ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 25.5ರಿಂದ 24 ಇಂಚಿಗೆ ಬಂದರೆ ಉದ್ದ ಇಳಿಯುವುದು ಶೇ 6ರಷ್ಟಾದರೂ ಬಿಗಿತ ಇಳಿಯುವುದು ಶೇ 11ಕ್ಕಿಂತ ಹೆಚ್ಚು. ಮೊದಲನೆಯ ತಂತಿಯ ಲೆಕ್ಕವನ್ನೇ ನೋಡಿ. ನಿಮ್ಮ ಹಳೆಯ ಗಿಟಾರ್‌ನಲ್ಲಿ 10ರ ಸೆಟ್‌ನ ಆ ತಂತಿಯ ಬಿಗಿತ ಸುಮಾರು 7.3 ಕಿಲೋಗ್ರಾಂ ಇತ್ತು. ಈಗಿನ ಗಿಟಾರ್‌ನಲ್ಲಿ 9ರ ಸೆಟ್‌ನದು 5.3 ಕಿಲೋಗ್ರಾಂ ಮಾತ್ರ. ಹಳೆಯ ಬಿಗಿತಕ್ಕೆ ಪಳಗಿದ ಬೆರಳು ಅದೇ ಬಲದಲ್ಲಿ ಒತ್ತಿದಾಗ ಸಡಿಲವಾದ ತಂತಿ ಹೆಚ್ಚು ಬಾಗುತ್ತದೆ, ಪಕ್ಕಕ್ಕೂ ಸರಿಯುತ್ತದೆ, ಹಾಗಾಗಿ ಸ್ವರ ಏರುತ್ತದೆ. ಸಡಿಲ ತಂತಿಯನ್ನು ಬಿರುಸಾಗಿ ಮೀಟಿದರೆ ಅದು ಅಗಲವಾಗಿ ತೂಗಿ ಫ್ರೆಟ್‌ಗೆ ತಾಗುತ್ತದೆ, ಆ ತೂಗಾಟದಲ್ಲೇ ಕ್ಷಣಕಾಲ ಹೆಚ್ಚು ಎಳೆಯಲ್ಪಟ್ಟು ಶ್ರುತಿ ಮೇಲೆದ್ದು ಇಳಿಯುತ್ತದೆ. ಸ್ಯಾಡಲ್‌ನ ಮೇಲೆ ತಂತಿಯನ್ನು ಒತ್ತಿ ಹಿಡಿಯುವುದೂ ಇದೇ ಬಿಗಿತವಾದ್ದರಿಂದ ಅದು ಜಾರುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ಸಲಹೆ 11ರ ಸೆಟ್. ಈ ಉದ್ದದಲ್ಲಿ ಅದರ ಮೊದಲನೆಯ ತಂತಿ ಸುಮಾರು 7.9 ಕಿಲೋಗ್ರಾಂ ಬಿಗಿತಕ್ಕೆ ಬರುತ್ತದೆ, ಅಂದರೆ ನಿಮ್ಮ ಹಳೆಯ ಗಿಟಾರ್‌ಗಿಂತ ತುಸು ಮೇಲೆ. ಹೊಸ ತಂತಿ ಹಾಕುವವರೆಗೆ ಬೇರೆ ಯಾವ ತಿರುಪನ್ನೂ ಮುಟ್ಟಬೇಡಿ. ಈಗ ಮಾಡಿದ ಹೊಂದಾಣಿಕೆಯೆಲ್ಲ ತಂತಿ ಬದಲಾದೊಡನೆ ವ್ಯರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು ಸರ್. ಒಂದು ಅಳುಕು ಉಳಿದಿದೆ. ತಂತಿ ಮೆತ್ತಗಿದ್ದು ಸುಲಭವಾಗಿ ಬೆಂಡ್ ಮಾಡಲು (ತಂತಿಯನ್ನು ಪಕ್ಕಕ್ಕೆ ನೂಕಿ ಸ್ವರ ಏರಿಸಲು) ಬರುತ್ತದೆ ಎಂಬುದೇ ಈ ಗಿಟಾರ್‌ಗೆ ನಾನು ಆಸೆಪಟ್ಟ ಕಾರಣಗಳಲ್ಲಿ ಒಂದು. 11ರ ಸೆಟ್ ಹಾಕಿ ಹಳೆಯ ಗಿಟಾರ್‌ಗಿಂತಲೂ ಬಿಗಿ ಮಾಡಿಕೊಂಡರೆ ಆ ಸುಖ ಉಳಿಯುತ್ತದೆಯೇ?

ಇನ್ನೊಬ್ಬ ಸದಸ್ಯರು

ಮೇಲಿನವರ ಭೌತಶಾಸ್ತ್ರವನ್ನು ಒಪ್ಪುತ್ತೇನೆ, ಔಷಧಿಯ ಪ್ರಮಾಣವನ್ನು ಒಪ್ಪುವುದಿಲ್ಲ. ನಿಮ್ಮ ಗೋಳೆಲ್ಲ ಹೆಚ್ಚಾಗಿ ಆರನೆಯ ತಂತಿಯದು. ಅದಕ್ಕಾಗಿ ಮೊದಲನೆಯ ತಂತಿಯನ್ನು ದಂಡಿಸುವುದೇಕೆ? ಮೇಲಿನ ಮೂರು ತಂತಿಗಳು 10ರ ಸೆಟ್‌ನವು, ಕೆಳಸ್ವರದ ಮೂರು ಮಾತ್ರ ದಪ್ಪನೆಯವು ಇರುವ 10–52 (ಮೊದಲನೆಯದು 0.010 ಇಂಚು, ಆರನೆಯದು 0.052 ಇಂಚು ದಪ್ಪ) ಎಂಬ ಮಿಶ್ರ ಸೆಟ್‌ಗಳು ಸಾಮಾನ್ಯವಾಗಿ ದೊರೆಯುತ್ತವೆ. ಅದರಲ್ಲಿ ಮೊದಲನೆಯ ತಂತಿ ಸುಮಾರು 6.5 ಕಿಲೋಗ್ರಾಂನಲ್ಲಿ ನಿಲ್ಲುತ್ತದೆ; ಬೆಂಡ್ ಮಾಡಲು ಹಳೆಯ ಗಿಟಾರ್‌ಗಿಂತ ಹಗುರವಾಗಿಯೇ ಇರುತ್ತದೆ, ಆರನೆಯ ತಂತಿಗೆ ಬೇಕಾದ ಗಟ್ಟಿತನವೂ ಬರುತ್ತದೆ. ಬೆರಳು ಚಾಚುವ ಸುಖವಂತೂ ತಂತಿಯಿಂದ ಬದಲಾಗುವುದಿಲ್ಲ: ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಗೀರುಪಟ್ಟಿ) ನಾಲ್ಕನೆಯ ಫ್ರೆಟ್‌ವರೆಗಿನ ದೂರ 25.5 ಇಂಚಿನಲ್ಲಿ ಸುಮಾರು 134 ಮಿಲಿಮೀಟರ್, 24 ಇಂಚಿನಲ್ಲಿ 126. ಚಿಕ್ಕ ಕೈಗೆ ಆ 8 ಮಿಲಿಮೀಟರ್ ಸಣ್ಣ ಕೊಡುಗೆಯಲ್ಲ.

ಮೇಲಿನ ಉತ್ತರದಲ್ಲಿ ನಟ್‌ನ ಮಾತು ಬಂದಿಲ್ಲ. ಎಫ್ ಕಾರ್ಡ್ ಏರಿ ಕೇಳಿಸುತ್ತಿದ್ದು, ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ಸರಿಯಿದ್ದರೆ, ನಾನು ಮೊದಲು ಸಂಶಯಪಡುವುದು ನಟ್‌ನ ಗೀರುಗಳನ್ನು. ಪರೀಕ್ಷೆ ಸುಲಭ. ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ತಂತಿಗೂ ಲೋಹಕ್ಕೂ ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಂದಿದ್ದು, ಬೆರಳ ತುದಿಯಿಂದ ತಟ್ಟಿದಾಗ ಸಣ್ಣಗೆ ಟಿಕ್ ಎಂದರೆ ಸರಿಯಾಗಿದೆ. ಸಂದು ಧಾರಾಳವಾಗಿದ್ದರೆ ತಂತಿ ಫ್ರೆಟ್ ಮುಟ್ಟುವ ಮೊದಲೇ ಬಹಳ ಕೆಳಗೆ ಇಳಿಯಬೇಕಾಗುತ್ತದೆ, ಇಳಿದಷ್ಟೂ ಶ್ರುತಿ ಏರುತ್ತದೆ. ಸ್ಕೇಲ್ ಚಿಕ್ಕದಾದಷ್ಟೂ ಈ ತಪ್ಪು ಹೆಚ್ಚಾಗಿ ಕೇಳಿಸುತ್ತದೆ. ಗೀರನ್ನು ಆಳ ಮಾಡುವ ಕೆಲಸವನ್ನು ಅನುಭವಿ ರಿಪೇರಿಯವರಿಗೇ ಬಿಡಿ. ಉಜ್ಜಿ ತೆಗೆದದ್ದನ್ನು ಮರಳಿ ತುಂಬುವುದು ಕಷ್ಟ.

ತಂತಿ ಹಾಕಿದ ಮೇಲೆ ನೆಕ್‌ನ ಬಾಗನ್ನು ನೋಡಿ. ದಪ್ಪ ತಂತಿ ನೆಕ್ಕನ್ನು ಮುಂದಕ್ಕೆ ಎಳೆಯುತ್ತದೆ. ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಆರನೆಯ ತಂತಿಯನ್ನು ಒತ್ತಿದಾಗ ಏಳನೆಯ ಫ್ರೆಟ್‌ನ ಬಳಿ ಸುಮಾರು 0.25 ಮಿಲಿಮೀಟರ್ ಸಂದು ಸಾಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್‌ನೊಳಗೆ ಬಾಗನ್ನು ಸರಿಪಡಿಸುವ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬಿಗಿಸದೆ, ನೆಕ್ ಹೊಂದಿಕೊಳ್ಳಲು ಸಮಯ ಕೊಟ್ಟು ಮತ್ತೆ ಅಳೆಯಿರಿ. ಆನಂತರ ಬ್ರಿಡ್ಜಿನ ಎತ್ತರ, ಎಲ್ಲಕ್ಕಿಂತ ಕೊನೆಗೆ ಇಂಟೊನೇಷನ್, ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿ ಬರುವಂತೆ ಸ್ಯಾಡಲ್ ಹೊಂದಿಸುವುದು. ಹನ್ನೆರಡನೆಯ ಫ್ರೆಟ್‌ನ ಮೇಲೆ ಹಾರ್ಮಾನಿಕ್ (ತಂತಿಯನ್ನು ಒತ್ತದೆ ಬರೀ ಸೋಕಿಸಿ ಹೊಮ್ಮಿಸುವ ಸ್ವರ) ನುಡಿಸಿ, ಅಲ್ಲಿಯೇ ಒತ್ತಿಯೂ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ.

ತೆಳ್ಳಗಾಗುವ ನಾದ ದೋಷವೇ ಅಲ್ಲ. ಹಳೆಯ ಮಸ್ಟ್ಯಾಂಗ್ ವಿನ್ಯಾಸದಲ್ಲಿ ಪ್ರತಿ ಸ್ವಿಚ್‌ಗೂ ಮೂರು ಸ್ಥಾನಗಳಿವೆ: ನಡುವೆ ಇಟ್ಟರೆ ಪಿಕಪ್ ಬಂದ್, ಎರಡು ತುದಿಗಳಲ್ಲೂ ಚಾಲೂ, ಆದರೆ ಪರಸ್ಪರ ವಿರುದ್ಧ ಫೇಸ್‌ನಲ್ಲಿ, ಅಂದರೆ ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುವಂತೆ. ಎರಡು ಸ್ವಿಚ್‌ಗಳೂ ಒಂದೇ ದಿಕ್ಕಿಗಿದ್ದರೆ ನಾದ ತುಂಬಿ ಬರುತ್ತದೆ, ಎದುರುಬದುರಾಗಿದ್ದರೆ ಕೆಳಸ್ವರಗಳು ಒಂದನ್ನೊಂದು ಕಳೆದುಕೊಂಡು ನೀವು ಹೇಳಿದ ಮೂಗುಸ್ವರ ಬರುತ್ತದೆ. ಅದನ್ನು ಬಯಸಿ ಬಳಸುವವರೂ ಇದ್ದಾರೆ, ನಾನು ಆ ಪೈಕಿ ಅಲ್ಲ.

ಪ್ರಶ್ನೆ ಕೇಳಿದವರು

10–52 ಹಾಕಿದೆ. ಆರನೆಯ ತಂತಿ ಈಗ ಬಿರುಸಾಗಿ ಮೀಟಿದರೂ ಸ್ಯಾಡಲ್ ಬಿಟ್ಟು ಕದಲುವುದಿಲ್ಲ, ಕರಕರ ಸದ್ದು ಬಹುತೇಕ ಹೋಗಿದೆ. ಸ್ವಿಚ್‌ಗಳು ನೀವು ಹೇಳಿದಂತೆಯೇ ಎದುರುಬದುರಾಗಿದ್ದವು. ನಟ್‌ನ ಮೂರನೆಯ ಗೀರು ಎತ್ತರವಾಗಿದೆ ಎಂದು ರಿಪೇರಿಯವರೂ ಹೇಳಿ ಅದನ್ನು ಇಳಿಸಿಕೊಟ್ಟರು. ಎಫ್ ಕಾರ್ಡ್ ಈಗ ಕಿವಿಗೆ ಹಿತವಾಗಿದೆ. ಮೂರನೆಯ ತಂತಿಯಲ್ಲಿ ಒಂದೂವರೆ ಸ್ವರದ ಬೆಂಡ್ ಮಾಡಲು ಹಿಂದೆ ಮೂರು ಬೆರಳು ಕೂಡಿಸಿ ನೂಕುತ್ತಿದ್ದೆ, ಈಗ ಎರಡು ಬೆರಳು ಸಾಕಾಗುತ್ತವೆ, ಮತ್ತೆ ಮತ್ತೆ ಅದನ್ನೇ ನುಡಿಸುವಂತಾಗಿದೆ. ಉಳಿದಿರುವುದು ಎರಡು: ಆರನೆಯ ತಂತಿಯನ್ನು ಏರಿಸುವಾಗ ನಟ್‌ನ ಬಳಿ ಟಿಣ್ ಎಂಬ ಸದ್ದು ಬಂದು ಶ್ರುತಿ ಒಮ್ಮೆಲೇ ಹಾರುತ್ತದೆ, ವೈಬ್ರೇಟೊ ಬಳಸಿದರೆ ಶ್ರುತಿ ಇನ್ನೂ ಪೂರ್ತಿಯಾಗಿ ಹಿಂದಿರುಗುವುದಿಲ್ಲ.

ಉತ್ತರ

ಆಗಲಿ, ಪ್ರಮಾಣದ ವಿಷಯದಲ್ಲಿ ಸೋತದ್ದಕ್ಕೆ ಬೇಸರವಿಲ್ಲ. ನುಡಿಸುವ ಬೆರಳು ನಿಮ್ಮದು. ಟಿಣ್ ಎನ್ನುವುದು ದಪ್ಪ ತಂತಿ ಕಿರಿದಾದ ಗೀರಿನಲ್ಲಿ ಕಚ್ಚಿಕೊಂಡು, ತಡೆಯಲಾರದೆ ಬಿಡಿಸಿಕೊಳ್ಳುವ ಸದ್ದು. ಮೊನಚಾದ ಪೆನ್ಸಿಲ್‌ನಿಂದ ಗೀರಿನೊಳಗೆ ಗ್ರಾಫೈಟ್ ಸವರಿದರೆ ತಾತ್ಕಾಲಿಕವಾಗಿ ಜಾರುತ್ತದೆ, ಆದರೆ ಗೀರನ್ನು 52ರ ತಂತಿಗೆ ತಕ್ಕಷ್ಟು ಅಗಲ ಮಾಡಿಸುವುದೇ ನಿಜವಾದ ಪರಿಹಾರ. ಆಳ ಮಾಡಿಸಬೇಡಿ, ಅಗಲ ಮಾತ್ರ. ವೈಬ್ರೇಟೊದ ತೊಂದರೆಯಲ್ಲೂ ಬಹುಪಾಲು ಇದರದ್ದೇ ಇರುತ್ತದೆ.

ಅದಾದ ಮೇಲೂ ಉಳಿದರೆ ಬ್ರಿಡ್ಜನ್ನು ನೋಡಿ. ಅದರ ಎರಡು ಕಾಲುಗಳು ಬಟ್ಟಲಿನಂತಹ ಕುಳಿಗಳಲ್ಲಿ ನಿಂತು, ತಂತಿಗಳ ಜೊತೆಗೆ ಹಿಂದಕ್ಕೂ ಮುಂದಕ್ಕೂ ವಾಲುವಂತೆ ವಿನ್ಯಾಸಗೊಂಡಿವೆ. ವೈಬ್ರೇಟೊ ಬಿಟ್ಟ ಮೇಲೆ ಅದು ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿಯೇ ಉಳಿದರೆ ಆರೂ ತಂತಿಗಳ ಶ್ರುತಿ ಒಟ್ಟಾಗಿ ಅಲುಗುತ್ತದೆ. ಕಾಲುಗಳಿಗೆ ತೆಳು ಟೇಪ್ ಸುತ್ತಿ ಅಲುಗದಂತೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ತಂತಿ ಸ್ಯಾಡಲ್‌ನ ಮೇಲೆ ಸರಾಗವಾಗಿ ಜಾರಬೇಕಾಗುತ್ತದೆ, ಇಲ್ಲವಾದರೆ ತೊಂದರೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೆ. ಮೊದಲು ಬ್ರಿಡ್ಜನ್ನು ಕೈಯಿಂದ ನೆಟ್ಟಗೆ ನಿಲ್ಲಿಸಿ, ಕುಳಿಗಳಲ್ಲಿ ಧೂಳು ಇಲ್ಲದಂತೆ ನೋಡಿಕೊಂಡು, ಶ್ರುತಿ ಮಾಡಿ ಪರೀಕ್ಷಿಸಿ. ಮುಂದೆ ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಈ ಬ್ರಿಡ್ಜನ್ನು ಹಿಡಿದಿಡುವುದು ಏನೂ ಇರುವುದಿಲ್ಲ, ಕುಳಿಯಿಂದ ಹೊರಗೆ ಬಂದುಬಿಡುತ್ತದೆ.