ವಂಶವೃಕ್ಷ ಎಷ್ಟು ತುಂಬಿದೆ ಅಂತ ಲೆಕ್ಕ ಹಾಕೋದು ಹೇಗೆ? ಅಪ್ಪ ಮದುವೆಯಾಗಿದ್ದು ಅಕ್ಕನ ಮಗಳನ್ನು

ಬೆಣ್ಣಿಹಳ್ಳದ ದಂಡೆ:
ನಮ್ಮೂರು ನವಲಗುಂದ ತಾಲೂಕು, ಈಗಿರೋದು ಪುಣೆ. ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಊರ ಮನೆಗೆ ಹೆಳವರು (ಮನೆತನಗಳ ವಂಶಾವಳಿ ಬರೆದಿಟ್ಟು ಓದುವವರು) ಬಂದಿದ್ದರು. ಕಟ್ಟೆ ಮೇಲೆ ಕೂತು, ಹೊತ್ತಿಗೆ ಬಿಚ್ಚಿ, ಅಪ್ಪನಿಂದ ಹಿಡಿದು 9 ತಲೆಮಾರು ಓದಿದರು. ಮನೆಮಂದಿಗೆಲ್ಲ ಹಿಗ್ಗು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. 9 ಹೆಸರಲ್ಲಿ ಹೆಣ್ಣಿನ ಹೆಸರು ಒಂದೂ ಇರಲಿಲ್ಲ.

ಅವತ್ತಿನಿಂದ ಎರಡೂ ಕಡೆ ನಾನೇ ಹುಡುಕುತ್ತಿದ್ದೇನೆ. ಅಪ್ಪ-ಅವ್ವ, ನಾಲ್ಕೂ ಜನ ಅಜ್ಜ-ಅಜ್ಜಿ ಗೊತ್ತು. ಮುತ್ತಜ್ಜಂದಿರ ಸಾಲಿನಲ್ಲಿ ಆಯಿಯ (ಅಪ್ಪನ ತಾಯಿ) ಅವ್ವ ಒಬ್ಬಳೇ ಸಿಕ್ಕಿಲ್ಲ. ಅದರ ಮೇಲಿನ ಸಾಲಿನಲ್ಲಿ ಮೂವರು, ಅದಕ್ಕೂ ಮೇಲೆ ಹೆಳವರು ಹೇಳಿದ ಒಬ್ಬರು. ನಾಲ್ವರೂ ಗಂಡಸರೇ.

ತೊಡಕು ಇಲ್ಲಿದೆ. ಅವ್ವನ ಅವ್ವ ಅಂದರೆ ಅಪ್ಪನ ಖಾಸ ಅಕ್ಕ. ಹಾಗಾಗಿ ಅಪ್ಪನ ತಂದೆತಾಯಿಯೇ ಅವ್ವನಿಗೆ ಅಜ್ಜ-ಅಜ್ಜಿ. ಅವರನ್ನು ಮುತ್ತಜ್ಜಂದಿರ ಸಾಲಿನಲ್ಲಿ ಮತ್ತೆ ಬರೆದರೆ 8ಕ್ಕೆ 7 ಸಿಕ್ಕಂತೆ, ಬಿಟ್ಟರೆ 6ಕ್ಕೆ 5. ಯಾವುದು ಸರಿ?

ಲೆಕ್ಕದ ಮೇಷ್ಟ್ರು, ತುಮಕೂರು:
ಎರಡೂ ಸರಿ ತಾಯಿ, ಎರಡನ್ನೂ ಇಟ್ಟುಕೊಳ್ಳಿ. ಮೊದಲು ಎಲ್ಲರಿಗೂ ನಂಬರ್ ಕೊಡಿ. ನೀವು 1. ಯಾರದೇ ನಂಬರನ್ನು ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಆಸ್ಟ್ರಿಯಾದ ಮಿಖಾಯೆಲ್ ಐಟ್ಸಿಂಗರ್ 1590ರಲ್ಲೇ ಅಚ್ಚು ಹಾಕಿಸಿದ ಕ್ರಮ ಇದು. ನಿಮ್ಮಪ್ಪ 2, ಅವ್ವ 3, ಆಯಿ 5. ಆಯಿಯ ಅವ್ವ 11.

ನಿಮ್ಮ ಮನೆಯಲ್ಲಿ 14 ಅಂದರೆ 4, 15 ಅಂದರೆ 5. ಅಲ್ಲಿಂದ ಮೇಲೆ ಅವರ ಹಿರಿಯರೂ ಎರಡೆರಡು ಸಲ ಬರುತ್ತಾರೆ. ಐದು ತಲೆಮಾರಿಗೆ ಒಟ್ಟು ಜಾಗ 2+4+8+16+32, ಅಂದರೆ 62. ನಿಜವಾಗಿ ಇರುವ ಜನ 2+4+6+12+24, ಅಂದರೆ 48. ನೀವು ತುಂಬಿದ ಜಾಗ 22, ಕಂಡುಹಿಡಿದ ಜನ 15. ಶೇಕಡಾ 35 ಮತ್ತು 31. ಹುಡುಕಾಟ ಎಷ್ಟು ಬಾಕಿ ಅಂತ ತಿಳಿಯಬೇಕಾದರೆ ಜನರ ಲೆಕ್ಕವನ್ನೇ ನಂಬಿ.

ಆದರೆ ಒಟ್ಟು ಶೇಕಡಾವಾರಿಗಿಂತ ತಲೆಮಾರಿಗೊಂದು ಲೆಕ್ಕ ಮುಖ್ಯ. ಮೂರನೆಯದರಲ್ಲಿ 6ಕ್ಕೆ 5, ನಾಲ್ಕರಲ್ಲಿ 12ಕ್ಕೆ 3, ಐದರಲ್ಲಿ 24ಕ್ಕೆ 1. ಹೆಳವರ 9ನೇ ಹೆಸರಿಗೆ ಸಿಗುವ ನಂಬರ್ 512. ಆ ಸಾಲಿನ 512 ಜಾಗಗಳಲ್ಲಿ ಅದು ಒಂದೇ ಒಂದು. ಹೆಂಗಸರೆಲ್ಲ ಬೆಸ ಸಂಖ್ಯೆ, ನೋಡಿ. 13ರಿಂದ ಆಚೆ ನೀವು ಹೊಸದಾಗಿ ತುಂಬಿದ ಬೆಸ ಸಂಖ್ಯೆ ಒಂದೂ ಇಲ್ಲ.

ಶರಾವತಿ ಕಡೆಯವಳು:
ನಮ್ಮ ಮನೆಯಲ್ಲಿ ತರ್ಪಣಕ್ಕೆ ಅಪ್ಪನ ಕಡೆ ಮೂರು ತಲೆ, ಅಮ್ಮನ ಕಡೆ ಮೂರು ತಲೆ, ಗಂಡ-ಹೆಂಡತಿ ಇಬ್ಬರ ಹೆಸರೂ ಹೇಳುತ್ತಾರೆ. ಒಟ್ಟು 12 ಹೆಸರು. ನಮ್ಮದು ಪೂರ್ತಿ ಅಂದುಕೊಂಡಿದ್ದೆ. ಮೇಷ್ಟ್ರು ಹೇಳಿದ ಹಾಗೆ ಈಗ ನಂಬರ್ ಹಾಕಿ ನೋಡಿದರೆ 10, 11, 14, 15 ಖಾಲಿ. ಇಬ್ಬರು ಅಜ್ಜಿಯರ ತವರು ಮನೆಯೇ ಇಲ್ಲ!

ಇನ್ನೊಂದು ಮಾತು ಅಕ್ಕಾ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ತವರಿನ ಹೆಸರನ್ನೂ ಪಕ್ಕದಲ್ಲಿ ಬರೆದಿಡಿ. ನಾನು ಎರಡು ವರ್ಷ ಮುತ್ತಜ್ಜನಿಗೆ ಇಬ್ಬರು ಹೆಂಡಿರು ಅಂತಲೇ ನಂಬಿದ್ದೆ. ಒಬ್ಬಳೇ ಹೆಂಗಸಿನ ಎರಡು ಹೆಸರು ಅದು.

ಹಳೇ ಶಾನುಭೋಗರ ಮೊಮ್ಮಗ:
ನಾನೂ ಕಂದಾಯ ಇಲಾಖೆಯಲ್ಲೇ ಇದ್ದು ನಿವೃತ್ತನಾದವನು. ಬರೀ ಹೆಸರು ಸಿಕ್ಕಿದ್ದಕ್ಕೂ ಕಾಗದದ ಆಧಾರ ಇದ್ದದ್ದಕ್ಕೂ ಬೇರೆ ಬೇರೆ ಕಾಲಂ ಇಡಿ. ಎರಡನ್ನೂ ಒಂದೇ ಅಂತ ಎಣಿಸಿದರೆ ಲೆಕ್ಕ ಉಬ್ಬುತ್ತದೆ.

ಆ 11ನೇ ನಂಬರಿಗೆ ಅಪ್ಪನ ಊರಿನ ಪಹಣಿ ನೋಡಿ ಪ್ರಯೋಜನವಿಲ್ಲ ತಂಗಿ. ಆಯಿಯ ತವರೂರಿನ ಸರ್ವೆ ನಂಬರ್ ಹಿಡಿಯಿರಿ. 1956ರ ಉತ್ತರಾಧಿಕಾರ ಕಾಯ್ದೆಯ ನಂತರದ ಪೌತಿ ವಾರಸಾದಲ್ಲಿ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿದ ದಾಖಲೆ) ಹೆಣ್ಣುಮಕ್ಕಳ ಹೆಸರು ಸಿಗಬಹುದು. ಅದಕ್ಕೂ ಹಿಂದಿನ ಕಾಗದದಲ್ಲಿ ವಿಧವೆಯರನ್ನೇ ಹುಡುಕಬೇಕು. ಗಂಡ ತೀರಿಕೊಂಡು ಮಕ್ಕಳು ಸಣ್ಣವರಿದ್ದರೆ, ಮೈನರ್ ಮಕ್ಕಳ ಪಾಲಕಿ ಅಂತ ಹೆಂಡತಿಯ ಹೆಸರು ಬಂದಿರುತ್ತದೆ. ಗಂಡಸರ ಹೆಸರಿನ ಜೊತೆ 'ಬಿನ್' (ಇಂಥವರ ಮಗ) ಇದ್ದಹಾಗೆ ಹೆಂಗಸರಿಗೆ 'ಕೋಂ' (ಇಂಥವರ ಹೆಂಡತಿ) ಅಂತ ಇರುತ್ತದೆ, ಕಣ್ಣು ಅದರ ಮೇಲಿರಲಿ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೆ ಪುಸ್ತಕದ ನಕಲಿಗೆ ಅರ್ಜಿ ಕೊಡಿ.

ಬೆಣ್ಣಿಹಳ್ಳದ ದಂಡೆ:
ಮೂರು ತಿಂಗಳಾದ ಮೇಲೆ ಬರೀತಿದ್ದೇನೆ. ಆಯಿಯ ತವರಲ್ಲಿ ಈಗಿರುವ ಕಾಕಾ ಸರ್ವೆ ನಂಬರ್ ಹೇಳಿದರು, ಅರ್ಜಿನೂ ಅವರೇ ಕೊಟ್ಟರು. ನಿನ್ನೆ ನಕಲು ಬಂತು. ಆಯಿಯ ಅಪ್ಪ ತೀರಿಕೊಂಡಾಗ ಆಯಿಯ ತಮ್ಮ ಇನ್ನೂ ಮೈನರ್. ಪಾಲಕಿ ಅಂತ ಅವರ ಅವ್ವನ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು ಅಂತ ಬರೆದಿದೆ. ಸರ್, ನೀವು ಹೇಳಿದ 'ಕೋಂ' ಅಲ್ಲೇ ಇತ್ತು.

ನಮ್ಮ ಅಕ್ಕನ ಹೆಸರೂ ಅದೇ. ತೊಟ್ಟಿಲಲ್ಲಿ ಹಾಕಿದ ದಿನ ಆ ಹೆಸರು ಇಟ್ಟವಳು ಆಯಿ. ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ.

ಮೇಷ್ಟ್ರೇ, 11 ತುಂಬಿದ ಕೂಡಲೇ 31ನೇ ಜಾಗವೂ ತುಂಬಿತು. ಈಗ ಜನ 48ಕ್ಕೆ 16, ಜಾಗ 62ಕ್ಕೆ 24. ಮುಂದೆ 17ನ್ನು, ಅಂದರೆ 8ರ ತಾಯಿಯನ್ನು, ಹಿಡಿಯುತ್ತೇನೆ. ಅವಳ ತವರು ಯಾವೂರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಸಲ ಹೆಳವರು ಬಂದಾಗ ಮೊದಲು ಕೇಳೋದು ಅದನ್ನೇ.