ಸಹಾಯ ಬೇಕು: ಹಳೇ ಪದ್ಮಿನಿಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್

ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು, ಕಾರ್ಬ್ಯುರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಭಾಗ) ಇರೋ ಗಾಡಿ. ಎಂಜಿನ್ ಪಕ್ಕದ ಮೆಕ್ಯಾನಿಕಲ್ ಪಂಪಿನ ಡಯಾಫ್ರಮ್ (ಪೆಟ್ರೋಲ್ ತಳ್ಳೋ ಪೊರೆ) ಹರಿದಿದೆ. ಜೆ.ಸಿ. ರೋಡಲ್ಲಿ ಒಬ್ರು ಇಂಜೆಕ್ಷನ್ ಕಾರಿನ (ಪೆಟ್ರೋಲನ್ನ ಒತ್ತಡದಲ್ಲಿ ಸಿಂಪಡಿಸೋ ಕಾರು) ಪಂಪ್ ತೋರಿಸಿ "ಇದೇ ಹಾಕ್ಬಿಡಿ ಸಾರ್" ಅಂದ್ರು. ಅದು 40 ಪಿಎಸ್‌ಐ (ಒತ್ತಡದ ಅಳತೆ) ಹತ್ರ ತಳ್ಳುತ್ತೆ; ಕಾರ್ಬ್ಯುರೇಟರಿಗೆ 3-4 ಧಾರಾಳ. ಜಾಸ್ತಿಯಾದ್ರೆ ಕಾರ್ಬ್ಯುರೇಟರಿಗೆ ಬರೋ ಪೆಟ್ರೋಲನ್ನ ನಿಲ್ಲಿಸೋ ನೀಡಲ್ ವಾಲ್ವ್ ತಡೆಯಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೇ ಬೀಳುತ್ತೆ. ಬೆಂಕಿಗೆ ಬೇರೆ ಆಹ್ವಾನ ಬೇಕಾ! ಅದಕ್ಕೇ ಕಡಿಮೆ ಒತ್ತಡದ 12 ವೋಲ್ಟ್ ಪಂಪನ್ನ ಟ್ಯಾಂಕ್ ಹತ್ತಿರ ಕೂರಿಸೋ ಯೋಚನೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಪೈಪಲ್ಲೇ ಪೆಟ್ರೋಲ್ ಆವಿಯಾಗೋ ಕಾಟವೂ ಕಮ್ಮಿಯಾಗಬಹುದು.

ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲೋ ಹಾಗೆ ಆಯಿಲ್ ಪ್ರೆಶರ್ ಸ್ವಿಚ್ (ಎಂಜಿನ್ ಆಯಿಲ್ ಒತ್ತಡ ಗುರುತಿಸೋದು) ಮೂಲಕ ರಿಲೇ (ಪಂಪಿನ ಕರೆಂಟ್ ಆನ್-ಆಫ್ ಮಾಡೋ ಸ್ವಿಚ್) ವೈರಿಂಗ್ ಮಾಡೋರು ಬಸವನಗುಡಿ ಕಡೆ ಯಾರಾದ್ರೂ ಇದ್ದಾರಾ? ಹಳೇ ಪಂಪಿನ ಜಾಗ ಮುಚ್ಚೋ ಪ್ಲೇಟ್ ರೆಡಿ ಸಿಗುತ್ತಾ, ಮಾಡಿಸ್ಬೇಕಾ? ಪೆಟ್ರೋಲಲ್ಲಿ ಬೆರೆಸೋ ಎಥನಾಲ್ ತಡೆಯೋ ಹೋಸೂ (ಪೈಪು) ಬೇಕು. "ಗುಜರಿಗೆ ಹಾಕಿ" ಅನ್ನೋರು ದಯವಿಟ್ಟು ಮುಂದೆ ಹೋಗಿ.