ಭಾನುವಾರದ ಪ್ರಶ್ನೋತ್ತರ: ಒದ್ದವನ ಹೆಸರು ಬೇಡ, ಬೆಕ್ಕಿನ ಉಸಿರು ಎಣಿಸಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪ್ರತಿ ತಿಂಗಳಿನ ಹಾಗೆ ಇವತ್ತೂ ರಾತ್ರಿ 8ರಿಂದ ಉಡುಪಿಯ ನಮ್ಮ ಪ್ರಾಣಿಗಳ ಡಾಕ್ಟರ್ ಮೇಡಂ ಇರ್ತಾರೆ. ಹೆಸರಿನ ಜಾಗದಲ್ಲಿ ಊರು ಹಾಕಿದರೆ ಸಾಕು. ಆಗ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ತಂಡದಲ್ಲಿದ್ದ ಫುಟ್‌ಬಾಲ್ ಆಟಗಾರ ಕುರ್ಟ್ ಝೂಮಾ ತನ್ನ ಮನೆಯ ಬೆಕ್ಕಿಗೆ ಒದೆಯುವ 2022ರ ವಿಡಿಯೋ ಗ್ರೂಪಿನಲ್ಲಿ ಮತ್ತೆ ಸುತ್ತುತ್ತಾ ಉಂಟು. ತುಂಬ ಜನ ಅದನ್ನೇ ಕೇಳ್ತಾ ಇದ್ದೀರಿ, ಹಾಗಾಗಿ ಅಲ್ಲಿಂದಲೇ ಶುರು ಮಾಡುವ. ವಿಡಿಯೋ ಪುನಃ ಹಾಕಬೇಡಿ ದಯವಿಟ್ಟು.

ಬಿಜೈ: ಮೇಡಂ, ಅವನಿಗೆ ಶಿಕ್ಷೆ ಆಯ್ತಾ? ದೊಡ್ಡ ಆಟಗಾರರಿಗೆ ಎಂತದೂ ಆಗುವುದಿಲ್ಲ ಅಂತ ನಮ್ಮ ಮನೆಯವರು ಹೇಳ್ತಾರೆ.

ಡಾಕ್ಟರ್: ಆಯ್ತು. ಕ್ಲಬ್ಬಿನವರು ಎರಡು ವಾರದ ಸಂಬಳ ದಂಡ ಹಾಕಿದ್ರು, ಎರಡೂವರೆ ಲಕ್ಷ ಪೌಂಡ್. ಜೂನ್‌ನಲ್ಲಿ ಕೋರ್ಟು 180 ಗಂಟೆ ಸಮುದಾಯ ಸೇವೆ ಮಾಡಬೇಕು, ಐದು ವರ್ಷ ಬೆಕ್ಕು ಸಾಕಬಾರದು ಎಂದಿತು. ಅವನ ಎರಡೂ ಬೆಕ್ಕುಗಳನ್ನು ಅಲ್ಲಿನ ಪ್ರಾಣಿದಯಾ ಸಂಸ್ಥೆಯವರು ಮೊದಲೇ ಕರ್ಕೊಂಡು ಹೋಗಿದ್ದರು.

ಸುರತ್ಕಲ್: ವಿಡಿಯೋ ಬಂದ ಮರುದಿನವೇ ಮ್ಯಾಚಿಗೆ ಇಳಿಸಿದ್ದರು, ಅದನ್ನೂ ಹೇಳಿ. ವ್ಯಾಟ್‌ಫೋರ್ಡ್ ಎದುರು. ಅವನ ಕಾಲಿಗೆ ಚೆಂಡು ಬಂದಾಗಲೆಲ್ಲ ಜನ ಬೊಬ್ಬೆ ಹಾಕಿದ್ರು.

ಕಾಪು: ಡಾಕ್ಟ್ರೇ, ಬೆಕ್ಕಿಗೆ ಪೆಟ್ಟಾದರೆ ಪ್ಯಾರಸಿಟಮಾಲ್ ಕಾಲು ಮಾತ್ರೆ ಕೊಡಬಹುದಾ?

ಡಾಕ್ಟರ್: ಬೇಡ. ಕಾಲೂ ಬೇಡ, ಚೂರೂ ಬೇಡ. ಮನುಷ್ಯರ ಲಿವರ್ ಅದನ್ನು ಅರಗಿಸಿ ಹೊರಗೆ ಹಾಕ್ತದೆ, ಬೆಕ್ಕಿನ ಲಿವರಿಗೆ ಆ ಶಕ್ತಿ ಇಲ್ಲ. ರಕ್ತಕ್ಕೆ ಆಮ್ಲಜನಕ ಹೊರಲಿಕ್ಕೆ ಆಗುವುದಿಲ್ಲ, ವಸಡು ಕಂದು ಬಣ್ಣಕ್ಕೆ ತಿರುಗ್ತದೆ, ಮುಖ ಊದ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಳೆದ ಬೆಕ್ಕನ್ನು ಕೊಲ್ಲಲಿಕ್ಕೆ ಸಾಕು.

ಪಡುಬಿದ್ರಿ: ಮೇಡಂ, ನಮ್ಮ ಬೆಕ್ಕಿಗೆ ಗುರುವಾರ ರಾತ್ರಿ ಒಬ್ಬರ ಕಾಲು ತಾಗಿದೆ. ಆವತ್ತು ಸ್ವಲ್ಪ ಕುಂಟಿತು. ಶುಕ್ರವಾರ ಸರಿ ಇತ್ತು, ಮೀನೂ ತಿಂದಿತು. ಇವತ್ತು ಬೆಳಿಗ್ಗೆಯಿಂದ ಮಂಚದ ಅಡಿ ಬಿಟ್ಟು ಬರ್ಲಿಲ್ಲ. ಬಂಗುಡೆ ತೋರಿಸಿದರೂ ಮೂಸುವುದಿಲ್ಲ. ಹೊರಗೆ ಗಾಯ ಎಂತದೂ ಕಾಣುವುದಿಲ್ಲ. ಅರಿಶಿನ ಎಣ್ಣೆ ಹಚ್ಚಿದ್ದೇನೆ. ನಾಳೆಯವರೆಗೆ ನೋಡಬಹುದಾ?

ಮಲ್ಪೆ: ಬೆಳ್ಳುಳ್ಳಿ ಜಜ್ಜಿ ಜೇನಿನಲ್ಲಿ ನೆಕ್ಕಿಸಿ ಅಕ್ಕ. ಒಳಪೆಟ್ಟಿಗೆ ಒಳ್ಳೇದಂತೆ. ನನಗೆ ಫಾರ್ವರ್ಡ್ ಬಂದದ್ದು ಉಂಟು, ಹಾಕ್ತೇನೆ.

ಡಾಕ್ಟರ್: ಮಲ್ಪೆಯವರೇ, ಹಾಕಬೇಡಿ. ಬೆಳ್ಳುಳ್ಳಿ, ನೀರುಳ್ಳಿ ಎರಡೂ ಬೆಕ್ಕಿನ ರಕ್ತಕಣ ಒಡೆಯುತ್ತವೆ.

ಪಡುಬಿದ್ರಿಯವರೇ, ಬೇರೆ ಎಲ್ಲ ಬಿಟ್ಟು ಒಂದು ಕೆಲಸ ಮಾಡಿ. ಬೆಕ್ಕನ್ನು ಎಳೆಯಬೇಡಿ, ನೀವೇ ನೆಲಕ್ಕೆ ಬಗ್ಗಿ ಟಾರ್ಚ್ ಹಿಡಿದು ನೋಡಿ. ಮೈ ಮಡಚಿ ಮಲಗಿದೆಯಾ, ಇಲ್ಲ ಮುಂಗಾಲು ಅಗಲ ಮಾಡಿ ಕುತ್ತಿಗೆ ಚಾಚಿ ಕೂತಿದೆಯಾ? ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತದೆ? ಉಸಿರಿಗೆ ಎದೆ ಏಳ್ತದಾ, ಹೊಟ್ಟೆ ಏಳ್ತದಾ?

ಮಣಿಪಾಲ: ನನ್ನದೊಂದು. ಲವ್ ಬರ್ಡ್ಸ್ ಮೊಟ್ಟೆ ಇಟ್ಟು ತಾನೇ ಒಡೀತದೆ. ಯಾಕೆ?

ಕದ್ರಿ: ಝೂಮಾನ ವಿಷಯದಲ್ಲಿ ಒಂದು ಹೇಳ್ಬೇಕು. ಅವನ ತಂಡದವನೇ ಆದ ಆಂಟೋನಿಯೋ ಟಿವಿಯವರಿಗೆ ಕೇಳಿದ್ದ, ಇವನು ಮಾಡಿದ್ದು ವರ್ಣಭೇದಕ್ಕಿಂತ ದೊಡ್ಡದಾ ಅಂತ. ಕರಿಯ ಆಟಗಾರರಿಗೆ ಬೈದವರು ಎಂಟು ಮ್ಯಾಚ್ ಕೂತು ಪುನಃ ಆಡ್ತಾರೆ, ಇವನನ್ನು ಕೆಲಸದಿಂದಲೇ ತೆಗೀರಿ ಅಂತ ಜನ ಕೇಳಿದ್ದು.

ಸುರತ್ಕಲ್: ಅದು ಬೇರೆ, ಇದು ಬೇರೆ. ಬೆಕ್ಕಿಗೆ ಬಾಯಿ ಬರುವುದಿಲ್ಲ.

ಕದ್ರಿ: ಬಾಯಿ ಬರುವ ಮನುಷ್ಯನ ನೋವೂ ಯಾರೂ ಕೇಳುವುದಿಲ್ಲ ಮಾರಾಯ್ರೆ. ಅದನ್ನೇ ಹೇಳಿದ್ದು ನಾನು.

ಪಡುಬಿದ್ರಿ: ಮೇಡಂ ನೋಡಿದೆ. ಕೂತೇ ಉಂಟು, ಮುಂಗಾಲು ಅಗಲ ಮಾಡಿ. ಉಸಿರು 58 ಸಿಕ್ಕಿತು, ಎರಡು ಸಲ ಎಣಿಸಿದೆ. ಹೊಟ್ಟೆ ಏಳ್ತದೆ. ಹೊಟ್ಟೆ ಸ್ವಲ್ಪ ಒಳಗೆ ಹೋದ ಹಾಗೆ ಕಾಣ್ತದೆ.

ಡಾಕ್ಟರ್: ಇದು ನಾಳೆಯವರೆಗೆ ಕಾಯುವ ವಿಷಯ ಅಲ್ಲ. ಉಳಿದವರು ಸ್ವಲ್ಪ ತಡೆಯಿರಿ, ಇದನ್ನು ಬರೆದು ಮುಗಿಸ್ತೇನೆ.

ಸುಮ್ಮನೆ ಕೂತ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡ್ತದೆ. 40 ದಾಟಿದರೆ ನಾನು ಹೆದರ್ತೇನೆ. ನಿಮ್ಮದು 58. ಎದೆಗೂ ಹೊಟ್ಟೆಗೂ ನಡುವೆ ಒಂದು ತೆಳು ಮಾಂಸದ ಪರದೆ ಉಂಟು, ವಪೆ ಅಂತ. ಹೊಟ್ಟೆಗೆ ಜೋರು ಪೆಟ್ಟು ಬಿದ್ದಾಗ ಒಳಗಿನ ಒತ್ತಡಕ್ಕೆ ಅದು ಹರಿಯಬಹುದು. ಹರಿದ ಕೂಡಲೇ ಸಾಯಬೇಕೆಂದಿಲ್ಲ. ಮೊದಲ ಎರಡು ದಿನ ಓಡಾಡ್ತದೆ, ತಿಂತದೆ, ನಾವು ಗುಣ ಆಯ್ತು ಅಂದುಕೊಳ್ತೇವೆ. ಅಷ್ಟರಲ್ಲಿ ಲಿವರ್, ಕರುಳು ಒಂದೊಂದಾಗಿ ಆ ತೂತಿನಿಂದ ಎದೆಗೆ ಹತ್ತುತ್ತವೆ, ಶ್ವಾಸಕೋಶಕ್ಕೆ ಜಾಗ ಇಲ್ಲದ ಹಾಗಾಗ್ತದೆ. ಹೊಟ್ಟೆ ಒಳಗೆ ಹೋದ ಹಾಗೆ ಕಾಣುವುದು ಅದಕ್ಕೇ ಇರಬಹುದು, ಅಲ್ಲಿ ಇರಬೇಕಾದ್ದು ಅಲ್ಲಿ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ಕೂತೇ ಇರ್ತದೆ. ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಬೆಕ್ಕು ಐದನೇ ದಿನ ನನ್ನಲ್ಲಿ ಬಂತು. ಸ್ಟೆತಸ್ಕೋಪ್ ಎದೆಗಿಟ್ಟರೆ ಹೃದಯದ ಸದ್ದು ಗೋಡೆಯಾಚೆ ಯಾರೋ ಬಡಿದ ಹಾಗೆ, ಎಡಗಡೆ ಪಕ್ಕೆಯಲ್ಲಿ ಕರುಳಿನ ಗುಳುಗುಳು. ಮೇಜಿನ ಮೇಲೆಯೇ ಹೋಯ್ತು. ಒಂದು ದಿನ ಮುಂಚೆ ತಂದಿದ್ದರೆ ಆಪರೇಷನ್ ಮಾಡಬಹುದಿತ್ತು.

ನಿಮ್ಮ ಬೆಕ್ಕಿಗೂ ಅದೇ ಅಂತ ಇಲ್ಲಿಂದ ಹೇಳ್ಲಿಕ್ಕೆ ಆಗುವುದಿಲ್ಲ. ಶ್ವಾಸಕೋಶಕ್ಕೆ ಪೆಟ್ಟಾಗಿ ರಕ್ತ ಇಳಿದಿರಬಹುದು, ಪಕ್ಕೆ ಮುರಿದಿರಬಹುದು, ಮೂತ್ರಚೀಲ ಒಡೆದಿರಲೂಬಹುದು. ಎಕ್ಸ್‌ರೇ ತೆಗೆಯದೆ ಗೊತ್ತಾಗುವುದಿಲ್ಲ. ಗಂಜಿ, ಹಾಲು, ನೀರು ಎಂತದೂ ಬಾಯಿಗೆ ಹೊಯ್ಯಬೇಡಿ. ಹೊಟ್ಟೆ ಒತ್ತಿ ನೋಡಬೇಡಿ.

ಇನ್ನೊಂದು. "ಕಾಲು ತಾಗಿದೆ" ಅಂತ ಬರೆದಿದ್ದೀರಿ. ತಾಗುವುದು ಬೇರೆ, ಒದೆಯುವುದು ಬೇರೆ. ಯಾರು ಅಂತ ನನಗೆ ಬೇಡ. ಎಷ್ಟು ಜೋರು, ಯಾವ ಬದಿಗೆ, ಗೋಡೆಗೋ ಮೆಟ್ಟಿಲಿಗೋ ಹೋಗಿ ಬಿತ್ತಾ, ಅದು ಬೇಕು. ಅದನ್ನು ಮುಚ್ಚಿಟ್ಟರೆ ನಾನು ಹುಡುಕುವ ಜಾಗ ತಪ್ತದೆ.

ಬ್ರಹ್ಮಾವರ: ಮೇಡಂ, ಬೆಕ್ಕಿಗೆ ಪ್ಯಾರಸಿಟಮಾಲ್ ಸಿರಪ್ ಆಗ್ತದಾ? ಮಕ್ಕಳದ್ದು?

ಡಾಕ್ಟರ್: ಇಲ್ಲ. ಮೇಲೆ ಓದಿ.

ಪಡುಬಿದ್ರಿ: ಒದ್ದದ್ದೇ ಮೇಡಂ. ನನ್ನ ಅಕ್ಕನ ಮಗ. ಕಬಡ್ಡಿ ಆಡ್ತಾನೆ, ರೈಡರ್, ಟೂರ್ನಮೆಂಟಿಗೆ ದುಡ್ಡು ಕೊಟ್ಟು ಕರೆಸ್ತಾರೆ. ಸೋತು ಬಂದಿದ್ದ. ಬೆಕ್ಕು ಕಾಲಿಗೆ ಸುತ್ತಿತು. ಬಲಗಾಲಲ್ಲಿ ಎತ್ತಿ ಒದ್ದ, ಜಗಲಿಯಿಂದ ಅಂಗಳದ ಕಲ್ಲಿಗೆ ಹೋಗಿ ಬಿತ್ತು. ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ.

ಸುರತ್ಕಲ್: ಹೆಸರು ಹೇಳಿ. ಯಾವ ಟೀಮು?

ಕಾಪು: ಹೌದು, ಹೆಸರು ಹಾಕಿ. ಇನ್ನು ಯಾವ ಟೂರ್ನಮೆಂಟಿಗೂ ಕರೆಯಬಾರದು ಇವನನ್ನು.

ಹೆಜಮಾಡಿ: ಯಾರು ಅಂತ ನನಗೆ ಅಂದಾಜಾಯ್ತು. ಒಳ್ಳೆ ಹುಡುಗ ಅವನು, ಊರಿಗೆ ಹೆಸರು ತಂದವನು. ಒಂದು ಬೆಕ್ಕಿಗೋಸ್ಕರ ಹುಡುಗನ ಬದುಕು ಹಾಳು ಮಾಡ್ತೀರಾ?

ಬಿಜೈ: ಫುಟ್‌ಬಾಲ್‌ನವನಿಗೆ ಜೈಲಾಗಬೇಕು ಅಂತ ನಿನ್ನೆ ಬರೆದದ್ದು ನೀವೇ ಅಲ್ವಾ ಹೆಜಮಾಡಿ?

ಹೆಜಮಾಡಿ: ಅವನು ಕೋಟ್ಯಧಿಪತಿ. ಇವನು ಬಡವರ ಮನೆ ಹುಡುಗ.

ಬಿಜೈ: ಬೆಕ್ಕಿನ ಹೊಟ್ಟೆಗೆ ಅದು ಗೊತ್ತಾಗ್ತದಾ?

ಮಣಿಪಾಲ: ಇಲ್ಲಿ ಬೆಕ್ಕಿಗೆ ಅಳುವವರೇ ಕಂಬಳದಲ್ಲಿ ಕೋಣಕ್ಕೆ ಹೊಡೆಯುವಾಗ ಶಿಳ್ಳೆ ಹಾಕ್ತಾರೆ. ಮೊದಲೇ ಒಲಿಂಪಿಕ್ ಚಿನ್ನ ಗೆದ್ದಿದ್ದ ಕುದುರೆ ಸವಾರಿಣಿ ಶಾರ್ಲೆಟ್ ದುಜಾರ್ಡಿನ್, ಒಂದು ನಿಮಿಷದಲ್ಲಿ 24 ಸಲ ಕುದುರೆಗೆ ಚಾಟಿ ಬೀಸಿದಳು ಎನ್ನುವ ವಿಡಿಯೋ 2024ರಲ್ಲಿ ಬಂದು ಪ್ಯಾರಿಸ್ ಒಲಿಂಪಿಕ್ಸ್ ಬಿಡಬೇಕಾಯ್ತು. ಇಲ್ಲಿ ಹೊಡೆದವನಿಗೆ ಚಿನ್ನದ ಪವನು.

ಕಾರ್ಕಳ: ಕಂಬಳದ ಸುದ್ದಿಗೆ ಬರಬೇಡಿ. ಕೋಣ ಸಾಕಿದ್ದೀರಾ ನೀವು? ಹುರುಳಿ ಬೇಯಿಸಿ ಕೊಟ್ಟು, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಾಡಿಸಿ ಮಗನ ಹಾಗೆ ನೋಡಿಕೊಳ್ತೇವೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡುವ ಕೆಸರಿನ ಟ್ರ್ಯಾಕನ್ನು, 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶವೇ ನಮ್ಮ ಬೋಲ್ಟ್ ಅಂತ ಕುಣಿದದ್ದು. ಆಗ ಕ್ರೌರ್ಯ ಕಾಣಲಿಲ್ಲವಾ?

ಮಣಿಪಾಲ: ಅವರ ಬಗ್ಗೆ ನಾನು ಎಂತ ಹೇಳಿದೆ? ಬೆತ್ತದ ಬಗ್ಗೆ ಹೇಳಿದ್ದು.

ಕುಂದಾಪುರ: ವಕೀಲನಾಗಿ ಒಂದು ಮಾತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ತಡೆ ಬಂತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿ ಎತ್ತಿ ಹಿಡಿಯಿತು. ಕಂಬಳ ನಡೆಸಬಹುದು, ಅನಗತ್ಯ ಹಿಂಸೆ ಕೂಡದು. ಇದು ಮುಗಿದ ವಿಷಯ.

ಮಣಿಪಾಲ: ಕೋರ್ಟಿನಲ್ಲಿ ಮುಗಿದಿದೆ, ಕರೆಯಲ್ಲಿ ಮುಗಿದಿಲ್ಲ.

ಕಾರ್ಕಳ: ನೀವು ಬಿರಿಯಾನಿ ತಿನ್ನುವುದಿಲ್ಲವಾ?

ಕದ್ರಿ: ಬಂತು ಬಿರಿಯಾನಿ. ಇದಕ್ಕೇ ಕಾಯ್ತಾ ಇದ್ದೆ.

ಕಾರ್ಕಳ: ಡಾಕ್ಟ್ರು ಹೇಳಲಿ. ಕಂಬಳ ಹಿಂಸೆಯಾ?

ಡಾಕ್ಟರ್: ಬೆತ್ತದ ಬರೆ ಎದ್ದು ಚರ್ಮ ಒಡೆದ ಕೋಣಕ್ಕೆ ನಾನು ಮುಲಾಮು ಹಚ್ಚಿದ್ದುಂಟು, ಅದಕ್ಕೆ ಹಿಂಸೆ ಅಂತಲೇ ಹೇಳ್ತೇನೆ. ಬರೆ ಇಲ್ಲದೆ ಗೆದ್ದ ಕೋಣವನ್ನೂ ನೋಡಿದ್ದೇನೆ. ಈಗ ಇದನ್ನು ಬಿಡಿ.

ಪಡುಬಿದ್ರಿಯವರೇ, ಅಂಗಳದ ಕಲ್ಲು ಅಂದರೆ ಎರಡು ಪೆಟ್ಟು. ವಸಡಿನ ಬಣ್ಣ ನೋಡಿ, ತುಟಿ ಸ್ವಲ್ಪ ಎತ್ತಿದರೆ ಸಾಕು. ಗುಲಾಬಿಯಾ, ಬಿಳಿಚಿದೆಯಾ, ನೀಲಿಯಾ? ಮೂತ್ರ ಮಾಡಿದೆಯಾ?

ಸಾಲಿಗ್ರಾಮ: ಬೆಕ್ಕು ಮಗುವಿಗೆ ಪರಚಿದೆ, ರಕ್ತ ಬಂದಿದೆ. ಸುಣ್ಣ ಅರಿಶಿನ ಹಚ್ಚಿದ್ದೇವೆ. ಸಾಕಾ?

ಡಾಕ್ಟರ್: ಸಾಲದು. ಸುಣ್ಣ ತೊಳೆಯಿರಿ. ಹರಿಯುವ ನೀರು, ಸೋಪು, ಹದಿನೈದು ನಿಮಿಷ. ಇವತ್ತು ರಾತ್ರಿಯೇ ಆಸ್ಪತ್ರೆಗೆ ಹೋಗಿ, ರೇಬಿಸ್ ಇಂಜೆಕ್ಷನ್ ಬೇಕಾ ಅಂತ ಅವರು ನೋಡಲಿ. ಸುಣ್ಣ ಹಚ್ಚಿ ಅಂತ ಹೇಳಿದವರು ಯಾರೇ ಆಗಲಿ, ಮಗುವಿಗೆ ಏನಾದರೂ ಆದರೆ ಅವರು ಬರುವುದಿಲ್ಲ.

ಮಲ್ಪೆ: ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಪಕ್ಕೆಗೆ ತಿಕ್ಕಿದರೆ ಉಸಿರು ಸಲೀಸಾಗ್ತದೆ ಅಂತ ಇನ್ನೊಂದು ಫಾರ್ವರ್ಡ್.

ಡಾಕ್ಟರ್: ಕರ್ಪೂರ ಬೆಕ್ಕಿಗೆ ವಿಷ. ನೆಕ್ಕಿದರೆ ಫಿಟ್ಸ್ ಬರ್ತದೆ. ಎರಡನೇ ಸಲ ಹೇಳ್ತಾ ಇದ್ದೇನೆ, ಫಾರ್ವರ್ಡ್ ನಿಲ್ಲಿಸಿ. ನೀವು ಹಾಕಿದ್ದನ್ನು ಓದಿ ಯಾರೋ ಒಬ್ಬರು ಈಗ ಅಡಿಗೆಮನೆಗೆ ಹೋಗಿರ್ತಾರೆ.

ಮಲ್ಪೆ: ಒಳ್ಳೇದಕ್ಕೆ ಹಾಕಿದ್ದು ನಾನು. ಇಷ್ಟು ಜೋರು ಮಾಡುವ ಅಗತ್ಯ ಇರಲಿಲ್ಲ.

ಪಡುಬಿದ್ರಿ: ವಸಡು ಬಿಳಿಚಿದೆ ಮೇಡಂ. ಮೂತ್ರ ಮಧ್ಯಾಹ್ನ ಸ್ವಲ್ಪ ಮಾಡಿದೆ.

ಸುರತ್ಕಲ್: ವಕೀಲರೇ, ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಎಂತ ಆಗ್ತದೆ?

ಕುಂದಾಪುರ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಹೌದು, ಐವತ್ತೇ ರೂಪಾಯಿ. ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ, ಐದು ವರ್ಷದವರೆಗೆ ಜೈಲು ಆಗಬಹುದು.

ಹೆಜಮಾಡಿ: ಮನೆಯ ವಿಷಯ ಇದು. ಈ ಹೆಂಗಸು ಗ್ರೂಪಿನಲ್ಲಿ ಹಾಕಬಾರದಿತ್ತು.

ಬಿಜೈ: ಹಾಕಿದ್ದಕ್ಕೆ ಆ ಬೆಕ್ಕು ಬದುಕುವ ಹಾಗುಂಟು. ನಿಮ್ಮ ಬಾಯಿ ಸ್ವಲ್ಪ ಹಿಡ್ಕೊಳ್ಳಿ.

ಅಡ್ಮಿನ್: ಹೆಜಮಾಡಿ, ಬಿಜೈ, ಇಬ್ಬರೂ ಸಾಕು.

ಡಾಕ್ಟರ್: ಹೆಸರು ಕೇಳುವವರಿಗೂ, ಹುಡುಗನನ್ನು ಕಾಯುವವರಿಗೂ ಒಂದೇ ಸಲ ಹೇಳಿಬಿಡ್ತೇನೆ. ಅಮೆರಿಕದಲ್ಲಿ ಮೈಕಲ್ ವಿಕ್ ಅಂತ ದೊಡ್ಡ ಫುಟ್‌ಬಾಲ್ ಆಟಗಾರ, ಅಲ್ಲಿನ ಫುಟ್‌ಬಾಲ್. 2007ರಲ್ಲಿ ನಾಯಿ ಕಾಳಗ ನಡೆಸಿದ್ದಕ್ಕೆ 23 ತಿಂಗಳ ಶಿಕ್ಷೆ ಆಯ್ತು. 2009ರಲ್ಲಿ ಪುನಃ ಆಡಿದ. ಅವನು ಆಡಬಹುದಿತ್ತಾ ಇಲ್ಲವಾ ಅಂತ ಜನ ಇವತ್ತಿಗೂ ಜಗಳ ಮಾಡ್ತಾರೆ. ನನಗೆ ಆ ಕೇಸಿನಲ್ಲಿ ಬೇಕಾದದ್ದು ಬೇರೆ. ಕೋರ್ಟು ಅವನಿಂದ ಸುಮಾರು 9 ಲಕ್ಷ 28 ಸಾವಿರ ಡಾಲರ್ ತೆಗೆಸಿತು, ನಾಯಿಗಳ ಆರೈಕೆಗೆ ಅಂತಲೇ. ಅದಕ್ಕೆ ಮೊದಲು ಕಾಳಗದ ನಾಯಿ ಸಿಕ್ಕಿದರೆ ಹೆಚ್ಚಾಗಿ ಚುಚ್ಚಿ ಸಾಯಿಸ್ತಿದ್ದರು. ಈ ಸಲ ಒಂದೊಂದನ್ನೂ ಕೂರಿಸಿ ಪರೀಕ್ಷೆ ಮಾಡಿದರು, ಸುಮಾರು 47 ನಾಯಿ ಉಳಿದವು. ಎಷ್ಟೋ ನಾಯಿ ಮನೆಗಳಿಗೆ ಹೋದವು. ಸಿಟ್ಟು ಬಂದದ್ದು ನಾಯಿಗೆ ಉಪಕಾರಕ್ಕೆ ಬಿತ್ತು. ಇಲ್ಲಿ ಒಂದು ಗಂಟೆಯಿಂದ ಇಷ್ಟು ಜನರಿಗೆ ಸಿಟ್ಟು ಬಂದಿದೆ, ಆ ಬೆಕ್ಕು ಇನ್ನೂ ಮಂಚದ ಅಡಿಯಲ್ಲೇ ಉಂಟು. ಪಡುಬಿದ್ರಿಯಲ್ಲಿ ಯಾರ ಹತ್ತಿರ ಕಾರು ಉಂಟು?

ಹುಡುಗ ದೊಡ್ಡ ತಪ್ಪು ಮಾಡಿದ್ದಾನೆ, ಸಣ್ಣದು ಅಂತ ನಾನು ಹೇಳುವುದಿಲ್ಲ. ಎಕ್ಸ್‌ರೇ, ಆಪರೇಷನ್ ಖರ್ಚು ಅವನೇ ಕೊಡಬೇಕು. ಟೂರ್ನಮೆಂಟಿನ ದುಡ್ಡಿನಲ್ಲಿ.

ಎರ್ಮಾಳು: ನಾನು ಹತ್ತಿರವೇ ಇದ್ದೇನೆ, ರಿಕ್ಷಾ ಉಂಟು. ಹತ್ತು ನಿಮಿಷ. ಅಕ್ಕ, ಮನೆ ಎಲ್ಲಿ ಅಂತ ನನಗೆ ಪ್ರತ್ಯೇಕ ಕಳಿಸಿ.

ಮಣಿಪಾಲ: ನನ್ನ ಲವ್ ಬರ್ಡ್ಸ್?

ಕೋಟ: ಪ್ಯಾರಸಿಟಮಾಲ್ ನಾಯಿಗೆ ಆಗ್ತದಾ ಹಾಗಾದರೆ?

ಅಡ್ಮಿನ್: ಹೊಸ ಪ್ರಶ್ನೆ ಇನ್ನು ಬೇಡ. ಉಳಿದದ್ದು ಮುಂದಿನ ತಿಂಗಳು.

ಪಡುಬಿದ್ರಿ: ರಿಕ್ಷಾ ಬಂತು ಮೇಡಂ. ಹೇಗೆ ಎತ್ತುವುದು? ಮುಟ್ಟಿದರೆ ಕೂಗ್ತದೆ.

ಡಾಕ್ಟರ್: ಎದೆಗೆ ಕೈ ಹಾಕಿ ಎತ್ತಬೇಡಿ. ರಟ್ಟಿನ ಪೆಟ್ಟಿಗೆಯ ಒಂದು ಬದಿ ಕತ್ತರಿಸಿ ಅದರ ಪಕ್ಕ ಇಡಿ, ದಪ್ಪ ಟವಲಿನ ಮೇಲೆ ಮೆಲ್ಲ ಜಾರಿಸಿ. ಅದು ಹೇಗೆ ಕೂತಿದೆಯೋ ಹಾಗೆಯೇ ಬರಲಿ, ಮಲಗಿಸಬೇಡಿ. ಮುಚ್ಚಳದಲ್ಲಿ ತೂತು ಇರಲಿ, ಮೇಲೆ ತೆಳು ಬಟ್ಟೆ ಹಾಕಿ, ಬೆಳಕು ಕಂಡರೆ ಗಾಬರಿ ಆಗ್ತದೆ. ರಿಕ್ಷಾದವರಿಗೆ ಹಂಪಿನಲ್ಲಿ ಮೆಲ್ಲ ಹೋಗ್ಲಿಕ್ಕೆ ಹೇಳಿ.

ಪಡುಬಿದ್ರಿ: ಹೊರಟೆವು. ಹುಡುಗನೂ ಹತ್ತಿದ್ದಾನೆ. ಎಂತದೂ ಮಾತಾಡುವುದಿಲ್ಲ.

ಡಾಕ್ಟರ್: ಬರಲಿ. ಬಾಯಿ ತೆರೆದು ಉಸಿರಾಡ್ಲಿಕ್ಕೆ ಶುರು ಮಾಡಿದರೆ ಕೂಡಲೇ ಫೋನ್ ಮಾಡಿ. ಇಲ್ಲದಿದ್ದರೆ ಕಟಪಾಡಿ ದಾಟಿದ ಮೇಲೆ ಮಾಡಿ. ನಾನು ಕ್ಲಿನಿಕ್ಕಿಗೆ ಹೋಗಿ ಆಕ್ಸಿಜನ್ ತಯಾರು ಮಾಡಿ ಇಡ್ತೇನೆ.